ಅಣೆಕಟ್ಟಿನ ಕೆಳಗಿನ ನದಿ: ಮುಳುಗಡೆ ಕಥನಗಳು ಮತ್ತು ಗಡಿಯ ತುಂಗಭದ್ರೆ

೧

ಕನ್ನಡ ವಿಮರ್ಶೆಯಲ್ಲಿ ‘ಮುಳುಗಡೆ’ ಎಂಬ ಮಾತು ಒಂದು ಘಟನೆಯ ಹೆಸರಾಗಿ ಮಾತ್ರ ಉಳಿದಿಲ್ಲ. ಒಂದು ಬಗೆಯ ಬರವಣಿಗೆಯ ಹೆಸರೂ ಆಗಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಶರಾವತಿಯ ಹಿನ್ನೀರು ಮಲೆನಾಡಿನ ಕಣಿವೆಗಳನ್ನು ತುಂಬಿತು. ಹಾಗೆ ಮನೆ, ತೋಟ, ಗದ್ದೆಗಳನ್ನು ಕಳೆದುಕೊಂಡವರ ಬದುಕು ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿಗೆ ವಸ್ತುವಾಯಿತು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಡಿಸೋಜರಿಗೆ ಯೋಜನೆಯ ಕಡತವೂ ಗೊತ್ತಿತ್ತು, ಕಡತದಾಚೆಯ ಜನರೂ ಗೊತ್ತಿದ್ದರು. ಗಿರೀಶ ಕಾಸರವಳ್ಳಿಯವರ ಚಲನಚಿತ್ರದಿಂದ ‘ದ್ವೀಪ’ ಕನ್ನಡದಾಚೆಗೂ ಪರಿಚಿತವಾಯಿತು. ಮರಾಠಿಯಲ್ಲಿ ವಿಶ್ವಾಸ ಪಾಟೀಲರ ‘ಝಾಡಾಝಡತಿ’ ಅಣೆಕಟ್ಟಿನ ಸಂತ್ರಸ್ತರ ಕಥೆಯನ್ನು ಹೇಳಿ ೧೯೯೨ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ನೀಲಗಿರಿಯ ಬಡಗರ ಬದುಕನ್ನು ಕುರಿತ ರಾಜಂ ಕೃಷ್ಣನ್ ಅವರ ತಮಿಳು ಕಾದಂಬರಿ ‘ಕುರಿಂಜಿತ್ತೇನ್’, ಆಧುನಿಕತೆ ಬೆಟ್ಟವನ್ನೇರಿ ಬಂದಾಗ ತಲೆಮಾರುಗಳ ನಡುವೆ ಬಿದ್ದ ಬಿರುಕನ್ನು ಚಿತ್ರಿಸಿತು. ಸಾಹಿತ್ಯದ ತೌಲನಿಕ ಅಧ್ಯಯನದಲ್ಲಿ ಈ ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಪರಿಪಾಠ ಬೆಳೆದಿರುವುದು ಸಹಜವೇ.

ಈ ಕೃತಿಗಳ ಬೆಲೆಯನ್ನು ಕುಗ್ಗಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ಇವುಗಳ ಸುತ್ತ ನಾವು ಕಟ್ಟಿಕೊಂಡಿರುವ ವಿಮರ್ಶೆಯಲ್ಲಿ ಒಂದು ಕೊರತೆಯಿದೆ. ಮುಳುಗಡೆಯ ಕಥನ ಅಣೆಕಟ್ಟಿನ ಗೋಡೆಯಿಂದ ಮೇಲ್ಮುಖವಾಗಿ ನೋಡುತ್ತದೆ. ಅದರ ಕಣ್ಣು ಏರುವ ನೀರಿನ ಮೇಲೆ, ಮುಳುಗುವ ಹೊಸಿಲಿನ ಮೇಲೆ ನೆಟ್ಟಿರುತ್ತದೆ. ಗೋಡೆಯ ಕೆಳಗೆ ನದಿಗೆ ಏನಾಯಿತು ಎಂಬ ಪ್ರಶ್ನೆ ಆ ಕಥನದ ಹೊರಗೆ ಉಳಿಯುತ್ತದೆ. ಗಡಿನಾಡ ಕನ್ನಡಿಗರ ಪಾಲಿಗೆ ಇದು ಕೇವಲ ಸಾಹಿತ್ಯತತ್ತ್ವದ ಪ್ರಶ್ನೆಯಲ್ಲ. ಆದೋನಿ, ಆಲೂರು, ರಾಯದುರ್ಗ, ಆಲಂಪುರಗಳ ಕನ್ನಡ ಬದುಕು ಇರುವುದು ಗೋಡೆಯ ಕೆಳಗೆ.

೨

ಮುಳುಗಡೆಯ ಕಥನಕ್ಕೆ ತನ್ನದೇ ಆದ ಕಾಲಗತಿಯಿದೆ. ಸರ್ಕಾರದ ನೋಟೀಸು ಬರುತ್ತದೆ, ಪರಿಹಾರದ ಮಾತು ನಡೆಯುತ್ತದೆ, ಮಳೆ ಹಿಡಿಯುತ್ತದೆ, ನೀರು ಏರುತ್ತದೆ. ಆರಂಭ, ಬೆಳವಣಿಗೆ, ಅಂತ್ಯಗಳನ್ನು ನೀರೇ ಒದಗಿಸುತ್ತದೆ. ಕಾದಂಬರಿಗೆ ಇದಕ್ಕಿಂತ ಅನುಕೂಲವಾದ ಸಂವಿಧಾನ ಬೇರಿಲ್ಲ. ನಷ್ಟಕ್ಕೆ ಒಂದು ದಿನಾಂಕವಿದೆ, ಕಳೆದುಕೊಂಡವರಿಗೆ ಹೆಸರಿದೆ, ಕಳೆದುಹೋದದ್ದನ್ನು ಬೆರಳಿಟ್ಟು ತೋರಿಸಬಹುದು.

ಗೋಡೆಯ ಕೆಳಗಿನ ನಷ್ಟಕ್ಕೆ ಇವು ಯಾವುವೂ ಇಲ್ಲ. ಹೊಳೆ ಒಂದೇ ದಿನ ಬತ್ತುವುದಿಲ್ಲ. ಮೊದಲು ಬೇಸಿಗೆಯ ಸೆಳವು ಹೋಗುತ್ತದೆ, ಆಮೇಲೆ ಮಡುಗಳು ಆಳ ಕಳೆದುಕೊಳ್ಳುತ್ತವೆ, ಮೀನಿನ ಜಾತಿಗಳು ಒಂದೊಂದಾಗಿ ಬಲೆಗೆ ಬೀಳುವುದು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬಂದು ದಡಕ್ಕೆ ಮೆಕ್ಕಲು ಹಾಸಿ ಹೋಗುತ್ತಿದ್ದ ನೆರೆ, ತೂಬಿನ ಬಾಗಿಲು ತೆರೆದಾಗ ಮಾತ್ರ ಬರುವ ಅಪಾಯವಾಗಿ ಬದಲಾಗುತ್ತದೆ. ಹರಿಗೋಲು ನಡೆಸುತ್ತಿದ್ದ ಅಂಬಿಗನ ಮಗ ಬೇರೆ ಕೆಲಸ ಹುಡುಕುತ್ತಾನೆ. ಇವುಗಳಲ್ಲಿ ಯಾವುದಕ್ಕೂ ಪರಿಹಾರದ ಅರ್ಜಿಯ ನಮೂನೆ ಇಲ್ಲ. ಯಾರೂ ಇಂಥ ದಿನ ಕಳೆದುಕೊಂಡೆ ಎಂದು ಹೇಳಲಾರರು.

ಇದು ಕಥನಕ್ಕೆ ಒಗ್ಗದ ವಸ್ತುವೇ? ಹಾಗೆಂದು ಹೇಳಲು ಬರುವುದಿಲ್ಲ. ಬಂಗಾಳಿಯಲ್ಲಿ ಅದ್ವೈತ ಮಲ್ಲಬರ್ಮನರ ‘ತಿತಾಶ್ ಏಕಟಿ ನದೀರ್ ನಾಮ್’ ಒಂದು ನದಿ ಹೂಳು ತುಂಬಿ ಸಾಯುವುದನ್ನೂ ಅದನ್ನು ನಂಬಿದ್ದ ಮಾಲೋ ಬೆಸ್ತರ ಸಮುದಾಯ ಚದುರಿಹೋಗುವುದನ್ನೂ ಒಂದೇ ಕಥೆಯಾಗಿ ಹೇಳಿತು. ಲೇಖಕರು ೧೯೫೧ರಲ್ಲಿ ತೀರಿಕೊಂಡ ಮೇಲೆ ೧೯೫೬ರಲ್ಲಿ ಪುಸ್ತಕವಾಗಿ ಹೊರಬಂದ ಆ ಕಾದಂಬರಿಯಲ್ಲಿ ಅಣೆಕಟ್ಟಿಲ್ಲ, ಖಳನಾಯಕನಾದ ಇಂಜಿನಿಯರನಿಲ್ಲ. ಇದ್ದಕ್ಕಿದ್ದಂತೆ ಒದಗುವ ದುರಂತಕ್ಕೆ ಬದಲಾಗಿ ನಿಧಾನವಾದ ಸವಕಳಿಯೇ ಅದರ ಸಂವಿಧಾನ. ಮಲ್ಲಬರ್ಮನರು ಸ್ವತಃ ಮಾಲೋ ಸಮುದಾಯದವರು ಎಂಬುದನ್ನು ಇಲ್ಲಿ ನೆನೆಯಬೇಕು. ನದಿಯ ದಿನದಿನದ ಬದಲಾವಣೆಯನ್ನು ನೋಡಲು ಅದರ ಮೇಲೆ ಬದುಕುವವರ ಕಣ್ಣು ಬೇಕಾಗುತ್ತದೆ. ನಮ್ಮ ಮುಳುಗಡೆಯ ಕಥನಗಳ ಮುಂಚೂಣಿಯಲ್ಲಿರುವ ಕಣ್ಣು ಬಹುಮಟ್ಟಿಗೆ ನೆಲವುಳ್ಳ ಗೃಹಸ್ಥನದು ಮತ್ತು ಅವನ ಮನೆಯವರದು, ಅಂಬಿಗನದಲ್ಲ, ಬೆಸ್ತನದಲ್ಲ.

೩

ತುಂಗಭದ್ರೆಯ ಸಂಗತಿಗೆ ಬರೋಣ. ಹೊಸಪೇಟೆಯ ಬಳಿ ಮದ್ರಾಸು ಪ್ರಾಂತ್ಯ ಮತ್ತು ಹೈದರಾಬಾದು ಸಂಸ್ಥಾನ ಕೂಡಿ ೧೯೪೫ರಲ್ಲಿ ಆರಂಭಿಸಿದ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟದ್ದು ೧೯೫೩ರಲ್ಲಿ. ಅದೇ ವರ್ಷದ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿತು. ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ನದಿಯನ್ನು ಕಟ್ಟಿದ್ದು, ನಾಡನ್ನು ಭಾಗಮಾಡಿದ್ದು ಒಂದೇ ವರ್ಷದ ಎರಡು ಕೆಲಸಗಳು. ನಮ್ಮ ಗಡಿನಾಡ ಚರಿತ್ರೆಗಳು ಎರಡನೆಯದನ್ನು ವಿಸ್ತಾರವಾಗಿ ಬರೆದಿವೆ. ಮೊದಲನೆಯದನ್ನು ನೀರಾವರಿ ಇಲಾಖೆಗೆ ಬಿಟ್ಟುಕೊಟ್ಟಿವೆ. ಆದರೆ ಗಡಿಯಾಚೆಗೆ ಹೋದ ರೈತನಿಗೆ ಇವೆರಡೂ ಬೇರೆಬೇರೆಯಾಗಿರಲಿಲ್ಲ. ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪಗಳನ್ನು ದಾಟಿ ಆಲೂರು, ಆದೋನಿಗಳ ಕಡೆಗೆ ಹೋಗುತ್ತದೆ. ಮೇಲ್ಮಟ್ಟದ ಕಾಲುವೆ ರಾಯದುರ್ಗ ಸೀಮೆಯ ಕಣೇಕಲ್ಲಿನ ಕಡೆಯಿಂದ ಅನಂತಪುರದೊಳಕ್ಕೆ ಹೋಗುತ್ತದೆ. ನೀರು ಬರುವ ದಾರಿಯೂ ಆಳುವ ಭಾಷೆ ಬದಲಾಗುವ ದಾರಿಯೂ ಒಂದೇ ಆಯಿತು.

ಈ ಅಣೆಕಟ್ಟನ್ನು ಟೀಕಿಸುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ೧೮೭೬–೭೮ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಬರಿದು ಮಾಡಿತ್ತು. ಆ ನೆಲದಲ್ಲಿ ನಿಂತು ‘ನದಿ ಸ್ವಚ್ಛಂದವಾಗಿ ಹರಿಯಬೇಕಿತ್ತು’ ಎಂದು ಹೇಳುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಕಾಲುವೆಯ ನೀರು ಹಲವು ತಲೆಮಾರುಗಳಿಗೆ ಅನ್ನ ಕೊಟ್ಟಿದೆ. ಇದನ್ನು ಮರೆತ ಪರಿಸರ ವಿಮರ್ಶೆ ಪ್ರಾಮಾಣಿಕವಾಗಲಾರದು. ಹೀಗಾಗಿ ಕಟ್ಟಬೇಕಿತ್ತೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಕಟ್ಟಿದ ಮೇಲೆ ನದಿಯನ್ನು ಯಾವ ಮಾತಿನಲ್ಲಿ ಆಡಿಕೊಂಡೆವು, ಆ ಮಾತು ಏನನ್ನು ಕಾಣಿಸದಂತೆ ಮಾಡಿತು ಎಂಬುದು ನಮ್ಮ ಪ್ರಶ್ನೆ.

ಯೋಜನೆಯ ಮೂಲ ಕಲ್ಪನೆ ರಕ್ಷಣಾ ನೀರಾವರಿಯದು. ಬರದಿಂದ ಬೆಳೆ ಕಾಯುವಷ್ಟು ನೀರನ್ನು ಹೆಚ್ಚು ನೆಲಕ್ಕೆ ತೆಳುವಾಗಿ ಹಂಚುವುದು, ಜೋಳ ಹತ್ತಿಗಳಂಥ ಬೆಳೆಗೆ ಆದ್ಯತೆ ಕೊಡುವುದು, ಭತ್ತವನ್ನು ಗೊತ್ತಾದ ಕಡೆ ಮಾತ್ರ ಬೆಳೆಯುವುದು. ನಡೆದದ್ದು ಬೇರೆ. ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿತು. ಎಡದಂಡೆಯಲ್ಲಿ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಭತ್ತದ ರೈತರ ‘ಕ್ಯಾಂಪು’ಗಳು ಗಂಗಾವತಿ, ಸಿಂಧನೂರುಗಳ ಭೂಮಿಯನ್ನೂ ಭಾಷೆಯನ್ನೂ ಬದಲಿಸಿದವು. ಕೊನೆಭಾಗಕ್ಕೆ ನೀರು ತಲುಪದಾಯಿತು. ತಲೆಭಾಗದ ನೆಲ ನೀರು ಕುಡಿದು ಕುಡಿದು ಸವಳು-ಜವಳಾಯಿತು. ಎಡದಂಡೆ ಕಾಲುವೆಯನ್ನು ಕುರಿತ ಪೀಟರ್ ಮೊಲಿಂಗಾ ಅವರ ‘ಆನ್ ದಿ ವಾಟರ್‌ಫ್ರಂಟ್’ ನೀರು ಹಂಚಿಕೆಯನ್ನು ತಾಂತ್ರಿಕ ವ್ಯವಸ್ಥೆ ಮತ್ತು ಕೃಷಿಸಮಾಜದ ಬದಲಾವಣೆಗಳೊಂದಿಗೆ ಕೂಡಿಸಿ ಪರಿಶೀಲಿಸಿದ ಅಧ್ಯಯನ. ಸಮಾಜವಿಜ್ಞಾನ ಇಷ್ಟು ಹತ್ತಿರದಿಂದ ನೋಡಿದ ಕಾಲುವೆಯನ್ನು ನಮ್ಮ ಸಾಹಿತ್ಯ ವಿಮರ್ಶೆ ತನ್ನ ವಸ್ತುವೆಂದು ಎಣಿಸಲಿಲ್ಲ.

ಇತ್ತ ಜಲಾಶಯದ ಒಡಲೂ ಕುಗ್ಗುತ್ತ ಬಂತು. ಮೊದಲಿಗೆ ಸುಮಾರು ೧೩೩ ಟಿಎಂಸಿ ಇದ್ದ ಅದರ ಸಾಮರ್ಥ್ಯ ೨೦೧೬ರ ಅಳತೆಯಲ್ಲಿ ೧೦೫.೮ ಟಿಎಂಸಿಯ ಹತ್ತಿರಕ್ಕೆ ಇಳಿದಿತ್ತು. ಹೂಳು ಎಂದು ನಾವು ಬೈಯುವ ಈ ಮಣ್ಣು, ನದಿ ಕೆಳಗಿನ ದಡಗಳಿಗೆ ಹೊತ್ತೊಯ್ಯುತ್ತಿದ್ದ ಮೆಕ್ಕಲೇ. ಮೇಲೆ ಅದು ಹೊರೆ, ಕೆಳಗೆ ಅದರದೇ ಕೊರತೆ.

೪

ನದಿಯನ್ನು ಕುರಿತು ಈಗ ಚಲಾವಣೆಯಲ್ಲಿರುವ ಪದಗಳನ್ನು ಪಠ್ಯವೆಂದು ಓದಬೇಕು. ಒಳಹರಿವು, ಹೊರಹರಿವು, ಪಾಲು, ಟಿಎಂಸಿ, ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’. ಕೊನೆಯದು ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ನದಿ ಕಡಲನ್ನು ಸೇರುವುದು ಅದರ ಸ್ವಭಾವವೆಂದು ತಿಳಿದಿದ್ದ ಭಾಷೆಯೊಂದು, ಅದನ್ನೇ ಅದರ ಅಪರಾಧವೆಂದು ಬಗೆಯುವ ಹಂತಕ್ಕೆ ಬಂದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೩೩ ಗೇಟುಗಳ ಪೈಕಿ ೧೯ನೆಯದು ಕೊಚ್ಚಿಹೋಯಿತು. ಬದಲಿ ತಡೆ ಕೂರಿಸುವ ತನಕ ನಡೆದ ಮಾತುಕತೆಯೆಲ್ಲ ಎಷ್ಟು ನೀರು ಹೋಯಿತು, ಎಷ್ಟು ಉಳಿದೀತು ಎಂಬ ಲೆಕ್ಕದ ಸುತ್ತ ತಿರುಗಿತು. ರೈತರ ಆತಂಕ ನ್ಯಾಯವಾದುದೇ. ಆದರೂ ನದಿಯಲ್ಲಿ ನೀರು ಹರಿಯುವುದೇ ಸುದ್ದಿಯಾಗುವ, ಅದೂ ಅವಘಡದ ಸುದ್ದಿಯಾಗುವ ಸ್ಥಿತಿಯನ್ನು ವಿಮರ್ಶಕರು ಗಮನಿಸದೆ ಬಿಡಲಾಗದು.

‘ಅಚ್ಚುಕಟ್ಟು’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಾಲುವೆಯ ನೀರುಣ್ಣುವ ಪ್ರದೇಶಕ್ಕೂ ಅದೇ ಮಾತು, ಒಪ್ಪ ಓರಣಕ್ಕೂ ಅದೇ ಮಾತು. ತೆಲುಗು, ತಮಿಳುಗಳಲ್ಲಿ ಇದೇ ನೀರಾವರಿ ಪ್ರದೇಶ ‘ಆಯಕಟ್ಟು’. ಕನ್ನಡದಲ್ಲಿ ಆಯಕಟ್ಟಿನ ಜಾಗವೆಂದರೆ ಲಾಭದ, ಹಿಡಿತದ ಜಾಗ. ಆದೋನಿಯ ದ್ವಿಭಾಷಿಕ ರೈತ ಈ ಎರಡೂ ಪದಗಳ ನಡುವೆ ಬದುಕುತ್ತಾನೆ: ಓರಣವಾದ ನಕ್ಷೆ ಒಂದು ಕಡೆ, ಆಯಕಟ್ಟಿನಲ್ಲಿ ಕೂತವರ ಹಿಡಿತ ಇನ್ನೊಂದು ಕಡೆ. ಇನ್ನು ‘ಹಿನ್ನೀರು’ ಎಂಬ ಮಾತು ನಮಗೆ ಚೆನ್ನಾಗಿ ಗೊತ್ತು. ಅದಕ್ಕೆ ಎದುರಾಗಿ ಗೋಡೆಯ ಮುಂದಿನ ನೀರಿಗೆ ಹೆಸರೇನು? ವ್ಯುತ್ಪತ್ತಿ ಏನೇ ಇರಲಿ, ಕಿವಿಗೆ ಅದರ ಜೋಡಿಯಂತೆ ಕೇಳಿಸುವ ‘ಮುನ್ನೀರು’ ಹಳಗನ್ನಡದಲ್ಲಿ ಕಡಲಿನ ಹೆಸರು. ಹಿನ್ನೀರಿಗೂ ಮುನ್ನೀರಿಗೂ ನಡುವಿನ ನದಿಗೆ ನಮ್ಮ ಚರ್ಚೆಯಲ್ಲಿ ಪದವಿಲ್ಲ.

ಪದವಿಲ್ಲದ್ದಕ್ಕೆ ಪಾಲೂ ಇಲ್ಲ. ಬಚಾವತ್ ನ್ಯಾಯಾಧಿಕರಣ ಕೃಷ್ಣಾ ಕೊಳ್ಳದ ೨೦೬೦ ಟಿಎಂಸಿ ನೀರನ್ನು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಎಂದು ಹಂಚಿತು. ಕೂಡಿಸಿದರೆ ಸರಿಯಾಗಿ ೨೦೬೦. ಲೆಕ್ಕದಲ್ಲಿ ತಪ್ಪಿಲ್ಲ, ನದಿಗೆಂದು ಮಾತ್ರ ಏನೂ ಉಳಿಯಲಿಲ್ಲ. ರಾಜ್ಯಗಳು ವಾದಿ ಪ್ರತಿವಾದಿಗಳಾದ ಆ ಪಠ್ಯದಲ್ಲಿ ನದಿ ಕಕ್ಷಿದಾರಳಲ್ಲ, ಹಂಚಿಕೆಯ ಆಸ್ತಿ. ಗಡಿಯ ಭಾಷಿಕ ಅಲ್ಪಸಂಖ್ಯಾತರೂ ಅಲ್ಲಿ ಕಕ್ಷಿದಾರರಾಗಿರಲಿಲ್ಲ. ತಾವಿರುವ ರಾಜ್ಯದ ಅಂಕಿಯೊಳಗೆ ಅವರೂ ಸೇರಿಹೋದರು.

ಈ ಲೆಕ್ಕದ ಮೂರ್ತರೂಪವನ್ನು ಬಳ್ಳಾರಿ ಸೀಮೆಯಲ್ಲಿ ಕಣ್ಣಾರೆ ನೋಡಬಹುದು. ಕೆಳಮಟ್ಟದ ಕಾಲುವೆ ವೇದಾವತಿಯನ್ನು ಕಂಬಗಳ ಮೇಲಿನ ಮೇಲ್ಗಾಲುವೆಯಲ್ಲಿ ದಾಟುತ್ತದೆ. ವೇದಾವತಿ, ಅಂದರೆ ಹಗರಿ, ತುಂಗಭದ್ರೆಯದೇ ಉಪನದಿ. ಅದನ್ನು ಮೇಲೆ ಮಾರಿಕಣಿವೆಯಲ್ಲಿ ೧೯೦೭ರ ಹೊತ್ತಿಗೇ ಕಟ್ಟಲಾಗಿತ್ತು. ಆ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು ೨೦೨೨ರಲ್ಲಿ. ಮುಂದೆ ರಾಯದುರ್ಗ ಸೀಮೆಯಲ್ಲಿ ಭೈರವಾನಿತಿಪ್ಪ ಜಲಾಶಯ ಇನ್ನೊಮ್ಮೆ ಅದನ್ನು ತಡೆಯುತ್ತದೆ. ಹಗರಿಯ ದಡದ ಮರಳು ಹೊಸದೇನಲ್ಲ. ಗಾಳಿಗೆ ಹಾರಿ ಹೊಲ ಮುಚ್ಚುವ ಮರಳಿನ ಮಾತು ಆ ಸೀಮೆಯಲ್ಲಿ ಹಳೆಯದು. ಹೊಸದೆಂದರೆ, ತಾಯಿನದಿಯ ನೀರು ಮಗಳ ಒಣ ಪಾತ್ರದ ಮೇಲೆ, ಅವಳನ್ನು ಮುಟ್ಟದೆ, ತೊಟ್ಟಿಯಲ್ಲಿ ಹಾದುಹೋಗುವುದು.

೫

ನದಿಯ ಬಗ್ಗೆ ನಮ್ಮ ಬರಹ ಎರಡೇ ಭಾವಗಳಲ್ಲಿ ನಡೆಯುತ್ತ ಬಂದಿದೆ: ಒಂದು ಹೆಮ್ಮೆ, ಇನ್ನೊಂದು ಶೋಕ. ನದಿ ತಾಯಿ, ಜೀವನಾಡಿ ಎಂಬ ಸ್ತುತಿ ಒಂದೆಡೆ. ಮುಳುಗಿದ ಊರಿನ ಕರುಣೆ ಇನ್ನೊಂದೆಡೆ. ನಿಧಾನವಾಗಿ ಕೆಡುವ ವಸ್ತುವನ್ನು ಪರೀಕ್ಷಿಸಲು ಎರಡೂ ಸಾಲವು. ಇದಕ್ಕೆ ಬೇಕಾದ ಪರಿಭಾಷೆ ನಮ್ಮ ಪರಂಪರೆಯಲ್ಲೇ ಇದೆ.

ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ೧೩೬೯ರ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಕಟ್ಟೆಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು: ಇವು ಆರು ದೋಷಗಳು. ಶಾಸನ ಮಾತಾಡುತ್ತಿರುವುದು ಕೆರೆಯ ವಿಷಯವನ್ನು. ನದಿಯ ಮಹಾ ಅಣೆಕಟ್ಟನ್ನು ಅದು ಕಲ್ಪಿಸಿರಲಿಲ್ಲ. ಆದರೂ ಸವಳು, ಎರಡು ರಾಜ್ಯಗಳ ಎಲ್ಲೆ, ನೀರಿಗೆ ಮೀರಿದ ನೆಲ ಎಂಬ ಮೂರನ್ನು ಓದುವಾಗ ತುಂಗಭದ್ರೆಯ ಅಚ್ಚುಕಟ್ಟಿನ ಇಂದಿನ ವರದಿಯನ್ನೇ ಓದಿದಂತಾಗುತ್ತದೆ. ರಾಜ್ಯದ ಎಲ್ಲೆಯಲ್ಲಿ ಕೆರೆ ಇರುವುದು ದೋಷವೆಂದು ಹೇಳಿದ ಆ ಪಟ್ಟಿಕಾರನಿಗೆ, ನೀರಿನ ವ್ಯವಸ್ಥೆ ಕೆಡುವುದು ಮಣ್ಣಿನಿಂದ ಮಾತ್ರವಲ್ಲ, ಆಡಳಿತದಿಂದಲೂ ಎಂಬುದು ತಿಳಿದಿತ್ತು.

‘ದೋಷ’ ಎಂಬ ಪದ ಸಾಹಿತ್ಯ ವಿದ್ಯಾರ್ಥಿಗೆ ಅಪರಿಚಿತವಲ್ಲ. ಕನ್ನಡನಾಡನ್ನು ಕಾವೇರಿ ಗೋದಾವರಿಗಳೆಂಬ ಎರಡು ನದಿಗಳ ನಡುವೆ ಗುರುತಿಸಿದ ‘ಕವಿರಾಜಮಾರ್ಗ’ ತನ್ನ ಮೊದಲ ಪರಿಚ್ಛೇದದಲ್ಲಿ ಕಾವ್ಯದ ದೋಷಾದೋಷಗಳನ್ನು ವಿವೇಚಿಸುತ್ತದೆ. ಕಾವ್ಯಕ್ಕೂ ಕೆರೆಗೂ ಒಂದೇ ಪರಿಭಾಷೆ ಸಲ್ಲುತ್ತಿತ್ತು, ಏಕೆಂದರೆ ಎರಡೂ ಮನುಷ್ಯರು ಕಟ್ಟಿದ್ದು. ದೋಷವೆಂದರೆ ಪಾಪವಲ್ಲ, ವಿಧಿಯೂ ಅಲ್ಲ. ಬಲ್ಲವರು ಗುರುತಿಸಿ ತಿದ್ದಬಹುದಾದ ಕೊರತೆ. ಅಣೆಕಟ್ಟನ್ನು ಪೂಜಿಸುವವರೂ ಶಪಿಸುವವರೂ ಅದನ್ನು ತಿದ್ದಲಾಗದ ವಸ್ತುವೆಂದೇ ಒಪ್ಪಿಕೊಂಡಿರುತ್ತಾರೆ. ದೋಷದ ಪರಿಭಾಷೆ ಆ ಒಪ್ಪಂದವನ್ನು ಮುರಿಯುತ್ತದೆ.

ಇದರ ಜೊತೆಗೆ ನಮ್ಮ ಜನಪದರ ‘ಕೆರೆಗೆ ಹಾರ’ವನ್ನೂ ಇಟ್ಟು ನೋಡಬೇಕು. ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಆ ಕಥನಗೀತೆಯನ್ನು ತ್ಯಾಗದ ಸ್ತುತಿಯೆಂದು ಶಾಲೆಗಳಲ್ಲಿ ಪಾಠ ಮಾಡಿದ್ದುಂಟು. ಅದನ್ನು ಲೆಕ್ಕಪತ್ರವೆಂದೂ ಓದಬಹುದು. ಕೆರೆಯಿಂದ ಎಷ್ಟು ನೆಲ ನೆನೆಯಿತೆಂದು ಹಾಡು ಹೇಳುವುದಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ಹೆಸರಿಟ್ಟು ಹೇಳುತ್ತದೆ. ನಮ್ಮ ಕಾಲದ ಯೋಜನಾ ವರದಿಗಳು ಇದಕ್ಕೆ ತಿರುಗುಮುರುಗು: ನೆನೆದ ನೆಲದ ಅಂಕಿ ಇದೆ, ಬೆಲೆಗೆ ಹೆಸರಿಲ್ಲ.

೬

ಇಷ್ಟರಿಂದ ನದಿ ಸತ್ತೇಹೋಯಿತೆಂದು ತೀರ್ಮಾನಿಸಿದರೆ ಮತ್ತೆ ಶೋಕಗೀತೆಯ ದಾರಿ ಹಿಡಿದಂತಾಗುತ್ತದೆ. ಅಣೆಕಟ್ಟಿನ ಸಮೀಪದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರ್ ಹರಿವನ್ನು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಹಂಪಿಯ ಬಂಡೆಗಳ ನಡುವೆ ನದಿ ಇನ್ನೂ ಮಡು ಕಟ್ಟುತ್ತದೆ, ಅಲ್ಲಿ ನೀರುನಾಯಿಗಳು ಇನ್ನೂ ಮೀನು ಹಿಡಿಯುತ್ತವೆ. ಅದೇ ಹರಿವಿನಲ್ಲಿ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರು ಒಯ್ಯುತ್ತಿವೆ. ಹೊಳೆಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಒಡ್ಡು ಹಾಕಿ, ಬೇಕಾದಷ್ಟನ್ನು ಪಕ್ಕಕ್ಕೆ ತಿರುಗಿಸಿ, ಮಿಕ್ಕದ್ದು ಒಡ್ಡಿನ ಮೇಲೆ ಹರಿದುಹೋಗಲು ಬಿಟ್ಟ ವ್ಯವಸ್ಥೆ ಅದು. ಆ ಕಾಲದ ಒಡ್ಡುಗಳು ಇಂದಿನ ಅಗತ್ಯಕ್ಕೆ ಸಾಲುವುದಿಲ್ಲ, ನಿಜ. ಆದರೆ ನೀರು ಬಳಸುವುದೆಂದರೆ ನದಿಯನ್ನು ನಿಲ್ಲಿಸುವುದೇ ಆಗಬೇಕಿಲ್ಲ ಎಂಬುದಕ್ಕೆ ಸಾಕ್ಷಿ ಅಣೆಕಟ್ಟಿನ ಕೆಳಗೇ ಇದೆ.

ನದಿಯ ಕೊನೆಯನ್ನೂ ನೋಡಬೇಕು. ಕೂಡಲಿಯಲ್ಲಿ ತುಂಗೆ ಭದ್ರೆಯರ ಸಂಗಮದಿಂದ ಹುಟ್ಟುವ ಹೆಸರು ಆಲಂಪುರದ ಬಳಿ ಕೃಷ್ಣೆಯ ಸಂಗಮದಲ್ಲಿ ಮುಗಿಯುತ್ತದೆ. ಆ ಎರಡನೆಯ ಸಂಗಮ ಈಗ ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿದೆ. ಕೂಡವೆಲ್ಲಿಯ ಚಾಲುಕ್ಯ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ನಿಲ್ಲಿಸಿದರು. ದೇವಾಲಯ ಉಳಿಯಿತು, ಸಂಗಮೇಶ್ವರನೆಂಬ ಹೆಸರಿಗೆ ಆಧಾರವಾದ ಸಂಗಮ ಅದರ ಎದುರಿಗಿಲ್ಲ. ಪರಂಪರೆಯನ್ನು ಕಾಪಾಡುವುದು ಎಂದರೆ ನಾವು ಹೆಚ್ಚಾಗಿ ಮಾಡುತ್ತಿರುವುದು ಇದನ್ನೇ. ಗಡಿಯ ಕನ್ನಡದ ವಿಷಯದಲ್ಲೂ ಶಾಸನ, ಹಸ್ತಪ್ರತಿ, ಹಾಡುಗಳನ್ನು ಸಂಗ್ರಹಿಸಿ ಎತ್ತರದ ಜಾಗಕ್ಕೆ ಸಾಗಿಸುತ್ತೇವೆ. ಅವು ಯಾವ ಹೊಳೆಯ ದಡದಲ್ಲಿ, ಯಾವ ಕಸುಬಿನ ನಡುವೆ ಹುಟ್ಟಿದವೋ ಆ ಹೊಳೆ, ಆ ಕಸುಬು ನಮ್ಮ ಸಂಗ್ರಹದ ವ್ಯಾಪ್ತಿಗೆ ಬರುವುದಿಲ್ಲ.

ಗಡಿನಾಡ ಕನ್ನಡಿಗರ ಬೇಡಿಕೆ ಪಟ್ಟಿಗಳಲ್ಲಿ ಶಾಲೆಯೂ ಇದೆ, ನೀರಿನ ಪಾಲೂ ಇದೆ; ನದಿ ಇಲ್ಲ. ಈ ಕೊರತೆಗೆ ಇಲಾಖೆಗಳು ಮಾತ್ರ ಹೊಣೆಯಲ್ಲ, ಓದುವವರೂ ಬರೆಯುವವರೂ ಹೊಣೆ. ತೌಲನಿಕ ಸಾಹಿತ್ಯವೆಂದರೆ ಎರಡು ಭಾಷೆಗಳ ಎರಡು ಕಾದಂಬರಿಗಳ ಹೋಲಿಕೆ ಎಂಬ ಅಭ್ಯಾಸದಿಂದ ನಾವು ಸ್ವಲ್ಪ ಈಚೆಗೆ ಬರಬೇಕಾಗಿದೆ. ಆದೋನಿಯ ಕೊನೆಭಾಗದ ರೈತ ತೆಲುಗಿನಲ್ಲಿ ಬರೆಸಿದ ಮನವಿ, ಅದೇ ರೈತ ಮನೆಯಲ್ಲಿ ಕನ್ನಡದಲ್ಲಿ ಆಡುವ ಹೊಳೆಯ ಮಾತು, ನ್ಯಾಯಾಧಿಕರಣದ ಇಂಗ್ಲಿಷು, ಪೋರುಮಾಮಿಳ್ಳದ ಸಂಸ್ಕೃತ: ಒಂದೇ ನೀರನ್ನು ಕುರಿತ ಈ ನಾಲ್ಕು ಪಠ್ಯಗಳನ್ನು ಒಟ್ಟಿಗೆ ಓದಬಲ್ಲವರು ಗಡಿಯ ದ್ವಿಭಾಷಿಕ ವಿದ್ವಾಂಸರೇ. ಮಡು, ಸೆಳವು, ಸುಳಿ, ಹಾಯುವ ದಾರಿ, ಮೀನಿನ ಹೆಸರು, ಹರಿಗೋಲಿನ ಅಂಗಾಂಗಗಳ ಹೆಸರು ಇನ್ನೂ ಬಲ್ಲ ಹಿರಿಯರು ಆ ದಡಗಳಲ್ಲಿದ್ದಾರೆ. ಅವರ ಮಾತನ್ನು ದಾಖಲಿಸುವ ಕೆಲಸ ನಿಘಂಟಿಗೂ ಬೇಕು, ನದಿಗೂ ಬೇಕು. ಯಾವ ಊರಿನ ಮುಂದೆ ಯಾವ ಮಡು ಇತ್ತು ಎಂದು ಹೇಳುವವರು ಇರುವ ತನಕ ಮಾತ್ರ, ಅಲ್ಲಿ ಏನು ಇಲ್ಲವಾಯಿತು ಎಂದು ಕೇಳಲು ಸಾಧ್ಯ.